ಐದು ಮೊದಲೋ, ಏಳು ಮೊದಲೋ

ದ್ವಿತೀಯ ಪಿಯುಸಿಯಲ್ಲಿ ಗಣಿತದ ಪೀರಿಯಡ್ ಇರುತ್ತಿದ್ದದ್ದು ಊಟ ಮುಗಿದ ಮೇಲೆ. ಕಣ್ಣು ಎಳೆಯುವ ಹೊತ್ತು. ಒಂದು ದಿನ ಮೇಷ್ಟ್ರು ಜೇಬಿನಿಂದ ಎರಡು ದಾಳ ತೆಗೆದು ಮೇಜಿನ ಮೇಲೆ ಉರುಳಿಸಿದರು.

"ಮೊತ್ತ ಐದು ಬಂದ್ರೆ ನಾನು ಗೆದ್ದೆ, ಏಳು ಬಂದ್ರೆ ನೀವು. ಬೇರೆ ಏನೇ ಬಂದ್ರೂ ಮತ್ತೆ ಎಸೆಯೋದು. ನಾನು ಗೆಲ್ಲೋ ಸಂಭವನೀಯತೆ ಎಷ್ಟು?"

ನಾನು ಎದ್ದು ಬೋರ್ಡಿಗೆ ಹೋದೆ. 36ರಲ್ಲಿ ಐದು ಬರಲು 4 ದಾರಿ, ಏಳಕ್ಕೆ 6, ಎರಡೂ ಬಾರದಿರಲು 26. ಮೊದಲ ಎಸೆತಕ್ಕೇ ಐದು ಬಿದ್ದರೆ 4/36. ಎರಡನೆಯದಕ್ಕೆ ಬಿದ್ದರೆ 26/36 × 4/36. ಮೂರನೆಯದಕ್ಕೆ ಇನ್ನೊಂದು 26/36. ಸಾಲು ಮುಗಿಯುವುದೇ ಇಲ್ಲ. ಇಂಥ ಸಾಲನ್ನು ಕೂಡಿಸುವ ಜಿ.ಪಿ. (ಗುಣೋತ್ತರ ಶ್ರೇಢಿ) ಸೂತ್ರ ಹಾಕಿ 2/5 ತೆಗೆದೆ. ಉತ್ತರ ಸರಿ. ಅರ್ಧ ಬೋರ್ಡ್ ತುಂಬಿತ್ತು.

ಮೇಷ್ಟ್ರು ಅದನ್ನು ಅಳಿಸಲಿಲ್ಲ. ಮೂಲೆಯಲ್ಲಿ ಸಣ್ಣಗೆ 4/(4+6) ಎಂದು ಬರೆದರು. "ಆ 26 ಎಷ್ಟು ಸಲ ಬಂದ್ರೂ ನಾವು ನಿಂತಲ್ಲೇ ನಿಂತಿರ್ತೀವಿ. ಆಟ ಮುಗಿಸೋ ಎಸೆತ ಈ ಹತ್ತರಲ್ಲಿ ಒಂದು. ಅದರಲ್ಲಿ ನಾಲ್ಕು ನಂದು."

ಇಷ್ಟೇ. ಆ ಮೂಲೆಯ ಬರಹ ನೋಡಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ.

ಟೆಸ್ಟಿನಲ್ಲಿ ಬೇರೆ ಲೆಕ್ಕ ಬಂತು. ಇಬ್ಬರು ಸರದಿ ಮೇಲೆ ಎರಡು ದಾಳ ಎಸೆಯುತ್ತಾರೆ. ಮೊದಲು ಎಸೆಯುವವನಿಗೆ ಆರು ಬೇಕು, ಎರಡನೆಯವನಿಗೆ ಏಳು. ಆರಕ್ಕೆ 5 ದಾರಿ, ಏಳಕ್ಕೆ 6. ನಾನು 5/11 ಎಂದು ಬರೆದು ಮುಂದೆ ಹೋದೆ. ಪೇಪರ್ ವಾಪಸ್ ಬಂದಾಗ ಪ್ರಶ್ನೆಯಲ್ಲಿದ್ದ 'ಸರದಿ' ಎಂಬ ಪದದ ಸುತ್ತ ಕೆಂಪು ಶಾಯಿಯ ಗೆರೆ.

ಸ್ಟಾಫ್ ರೂಮಿಗೆ ಹೋದೆ. "ಒಂದು ಸುತ್ತನ್ನೇ ಒಂದು ಎಸೆತ ಅಂದ್ಕೋ" ಎಂದರು. ಸುತ್ತಿನಲ್ಲಿ ಮೊದಲನೆಯವನು ಗೆಲ್ಲುವುದು 5/36. ಅವನಿಗೆ ತಪ್ಪಿ ಎರಡನೆಯವನು ಗೆಲ್ಲುವುದು 31/36 × 6/36. ಎರಡಕ್ಕೂ ಛೇದ 1296 ಮಾಡಿದರೆ ಅಂಶಗಳು 180 ಮತ್ತು 186. ಅಂದರೆ 30ಕ್ಕೆ 31. ಮೊದಲನೆಯವನ ಪಾಲು 30/61. ಮೊದಲು ಎಸೆಯುವುದರಿಂದ ಸಿಗುವ ಲಾಭ ಏಳರ ಲಾಭವನ್ನು ಹತ್ತಿರ ಹತ್ತಿರ ಸರಿದೂಗಿಸಿಬಿಡುತ್ತದೆ! ಇದು ಡಚ್ ವಿದ್ವಾಂಸ ಹೈಗನ್ಸ್ 1657ರಲ್ಲೇ ಬಿಡಿಸಿದ ಲೆಕ್ಕವೆಂದು ಹೇಳಿ, "ನಿಮ್ಮನೇಲಿ ಚೌಕಾಬಾರ ಆಡ್ತೀರಾ?" ಎಂದು ಕೇಳಿದರು.

ಆಡುತ್ತಿದ್ದೆವು, ಕವಡೆಯಿಂದಲ್ಲ. ನಮ್ಮಜ್ಜಿ ನಾಲ್ಕು ಹುಣಸೆ ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಟ್ಟಿದ್ದರು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಕಪ್ಪು ಬಿಳಿ ಸಮವಾಗಿ ಬೀಳುವುದಾದರೆ ಎರಡೂ 1/16. ಯಾವುದು ಮೊದಲು ಬಿದ್ದೀತು ಅಂದರೆ ಅರ್ಧಕ್ಕರ್ಧ. ಆದರೆ ಅಜ್ಜಿ ಯಾವಾಗಲೂ "ಈ ಬೀಜಕ್ಕೆ ಚೌಕಾನೇ ಮೊದ್ಲು ಬೀಳೋದು ಕಣೋ" ಅನ್ನುತ್ತಿದ್ದರು.

ಅದನ್ನು ಹೇಳಿದೆ. "ಹಾಗಾದ್ರೆ ಎಣಿಸ್ಕೊಂಡು ಬಾ" ಎಂದರು.

ಅಂದು ರಾತ್ರಿ ಅಜ್ಜಿ ಜಗಲಿಯಲ್ಲಿ ಕೂತು 50 ಸಲ ಬೀಜ ಎಸೆದರು, ನಾನು ಗೀಟು ಹಾಕಿದೆ. 200ರಲ್ಲಿ 121 ಬಿಳಿ. ಹೆಚ್ಚು ಕಡಿಮೆ ಹತ್ತಕ್ಕೆ ಆರು. ಮಾರನೆಯ ದಿನ ಮೇಷ್ಟ್ರು ಅದೇ ಮೂಲೆಯ ಲೆಕ್ಕ ಮಾಡಿದರು. ಚೌಕಕ್ಕೆ ಆರನ್ನು ನಾಲ್ಕು ಸಲ ಗುಣಿಸಿ 1296. ಬಾರಕ್ಕೆ ನಾಲ್ಕನ್ನು ನಾಲ್ಕು ಸಲ ಗುಣಿಸಿ 256. 1296/1552 ಅಂದರೆ ನೂರಕ್ಕೆ 83ಕ್ಕೂ ಜಾಸ್ತಿ. ಬೀಜದಲ್ಲಿದ್ದ ಚೂರು ವಾರೆ ನಾಲ್ಕು ಸಲ ಗುಣಿಸಿಕೊಂಡು ಅಷ್ಟು ದೊಡ್ಡದಾಗಿತ್ತು. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅವರ ಮಾತು ನಿಜವಾಗಿತ್ತು.

"ಬೀಜ ತಂದಿದೀಯೇನೋ?" ಮೇಷ್ಟ್ರು ಕೇಳಿದರು. ತಂದಿದ್ದೆ. ಅವರು ಸೀಮೆಸುಣ್ಣ ತಗೊಂಡು ನೆಲದ ಮೇಲೆ ಐದು ಐದಲೆ ಇಪ್ಪತ್ತೈದು ಮನೆ ಎಳೆದರು. ನಾವೆಲ್ಲ ಬೆಂಚು ಸರಿಸಿ ಸುತ್ತ ಕೂತೆವು.