ಅಮ್ಮನಿಗೂ ಶುಗರ್, ಕಾಳಿಗೂ ಶುಗರ್

ಮೊದಲು ಸುಳಿವು ಕೊಟ್ಟಿದ್ದು ಇರುವೆಗಳು. ನಮ್ಮ ನಾಯಿ ಕಾಳಿ ಅಂಗಳದಲ್ಲಿ ಉಚ್ಚೆ ಹೊಯ್ದ ಕಡೆಯೆಲ್ಲ ಕಪ್ಪಿರುವೆ ಮುತ್ತುತ್ತಿದ್ದವು. ನನಗೇನೂ ಹೊಳೆಯಲಿಲ್ಲ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅಮ್ಮ ಬಗ್ಗಿ ನೋಡಿ, "ಇವಳಿಗೂ ನನ್ನ ಕಾಯಿಲೇನೇ ಕಣೋ" ಅಂದರು. ನಾನು ನಕ್ಕುಬಿಟ್ಟೆ. ಆಗಲೇ ಎರಡು ವಾರದಿಂದ ಕಾಳಿ ಸಿಕ್ಕಾಪಟ್ಟೆ ನೀರು ಕುಡಿಯುತ್ತಿದ್ದಳು, ತಟ್ಟೆ ನೆಕ್ಕಿ ಇನ್ನೂ ಬೇಕು ಅನ್ನುತ್ತಿದ್ದಳು, ಆದರೂ ಪಕ್ಕೆಲುಬು ಎಣಿಸುವ ಹಾಗಾಗಿತ್ತು. ನಾನು ಬೇಸಿಗೆ ಅಂತ ಸುಮ್ಮನಿದ್ದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮೀಟರಿನಲ್ಲಿ ಬಂದಿದ್ದು 430.

ಎಂಟು ವರ್ಷದ ಬೀದಿನಾಯಿ, ಮಕ್ಕಳಾಗದ ಆಪರೇಷನ್ ಮಾಡಿಸಿರಲಿಲ್ಲ. ಬೆದೆ ಮುಗಿದ ಮೇಲೆ ಏರುವ ಹಾರ್ಮೋನು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ, ಅದಕ್ಕೇ ಹೆಣ್ಣುನಾಯಿಗಳಿಗೆ ಇದು ಜಾಸ್ತಿ ಅಂದರು ಡಾಕ್ಟರು. ಮಾತ್ರೆ ಸಾಕಾಗಲ್ವಾ ಅಂತ ಕೇಳಿದೆ. ನಾಯಿಗೆ ಮಾತ್ರೆಯಲ್ಲಿ ಆಗುವುದಿಲ್ಲವಂತೆ, ದಿನಕ್ಕೆರಡು ಸಲ ಸೂಜಿಯೇ. ಸ್ವಲ್ಪ ಹತೋಟಿಗೆ ಬಂದ ಮೇಲೆ ಆಪರೇಷನ್ನೂ ಮಾಡಿಸಿದೆವು.

ಎಲ್ಲರೂ ಕೇಳುವುದು ಖರ್ಚು. ಇನ್ಸುಲಿನ್ ದುಬಾರಿ ಅಲ್ಲವೇ ಅಲ್ಲ. ಕಾಳಿಗೆ ಬರೆದುಕೊಟ್ಟಿದ್ದು ಮನುಷ್ಯರದೇ ಇನ್ಸುಲಿನ್. 10 ಎಂಎಲ್ ಬಾಟಲಿಗೆ ನೂರೈವತ್ತು ರೂಪಾಯಿ ಆಸುಪಾಸು, ಅದರಲ್ಲಿ 400 ಯೂನಿಟ್ ಇರುತ್ತದೆ, ಅವಳಿಗೆ ಹೊತ್ತಿಗೆ ಆರು ಯೂನಿಟ್, ಅಂದರೆ ಒಂದು ತಿಂಗಳು ಬರುತ್ತದೆ. ಕಾಸು ಹೋಗುವುದು ಮಿಕ್ಕಿದ್ದಕ್ಕೆ. ಸಿರಿಂಜು ತಿಂಗಳಿಗೆ ಅರವತ್ತು ಬೇಕು. ರಕ್ತ ನೋಡುವ ಸ್ಟ್ರಿಪ್ಪು ಒಂದೊಂದಕ್ಕೆ ಇಪ್ಪತ್ತು ರೂಪಾಯಿ. ಡೋಸ್ ಸರಿಯಾಗುವವರೆಗೆ ದಿನವಿಡೀ ಎರಡೆರಡು ಗಂಟೆಗೊಮ್ಮೆ ಶುಗರ್ ನೋಡುವ ಪರೀಕ್ಷೆ ಬೇರೆ. ಅದನ್ನು ಎರಡನೇ ಸಲದಿಂದ ಮನೆಯಲ್ಲೇ, ಕಿವಿಯ ಅಂಚಿಗೆ ಚುಚ್ಚಿ ಮಾಡಿಕೊಂಡೆ. ಮನುಷ್ಯರ ಮೀಟರು ನಾಯಿ ರಕ್ತಕ್ಕೆ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದನ್ನು ಡಾಕ್ಟರಿಗೆ ಹೇಳಿಯೇ ಲೆಕ್ಕ ಹಾಕಿಸಬೇಕು.

ನಾನು ಮಾಡಿಕೊಂಡ ಎಡವಟ್ಟು ಮಾತ್ರ ದಯವಿಟ್ಟು ನೀವು ಮಾಡಿಕೊಳ್ಳಬೇಡಿ. ಕಾಳಿಯ ಬಾಟಲಿ ಎಂಎಲ್‌ಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಟೋಪಿಯ ಸಿರಿಂಜು. 100 ಯೂನಿಟ್ಟಿನ ಇನ್ಸುಲಿನ್‌ಗೆ ಕಿತ್ತಳೆ ಟೋಪಿಯದು. ಒಂದು ದಿನ ಮೆಡಿಕಲ್ ಸ್ಟೋರಿನ ಹುಡುಗ ಕಿತ್ತಳೆಯದು ಕೊಟ್ಟ, ನಾನೂ ನೋಡಲಿಲ್ಲ. ಅದರಲ್ಲಿ ಆರರ ಗೆರೆಗೆ ಎಳೆದರೆ ನಾಯಿಗೆ ಹೋಗುವುದು ಎರಡೂವರೆ ಯೂನಿಟ್ಟೂ ಇಲ್ಲ. ಒಂದು ವಾರ ಶುಗರ್ ಇಳಿಯಲೇ ಇಲ್ಲ. ಡೋಸ್ ಜಾಸ್ತಿ ಮಾಡಿಸೋಣ ಅಂತ ಹೊರಟಿದ್ದೆ, ಅಮ್ಮ ಕಸದ ಬುಟ್ಟಿ ನೋಡಿ "ಟೋಪಿ ಬಣ್ಣ ಯಾಕೋ ಬೇರೆ ಇದೆ" ಅಂದರು. ಇದೇ ತಪ್ಪು ಉಲ್ಟಾ ಆಗಿದ್ದರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗಿ ಜೀವಕ್ಕೇ ಕುತ್ತು ಬರುತ್ತಿತ್ತು.

ನಿಜವಾಗಿ ತುಟ್ಟಿ ಅನ್ನಿಸುವುದು ಹೊತ್ತು. ಬೆಳಗ್ಗೆ ಏಳು, ಸಂಜೆ ಏಳು. ಮೊದಲು ಊಟ, ಆಮೇಲೆ ಸೂಜಿ. ಬಾಟಲಿಯನ್ನು ಕುಲುಕಬಾರದು, ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು, ಹೆಗಲ ಹಿಂದಿನ ಸಡಿಲ ಚರ್ಮ ಹಿಡಿದೆತ್ತಿ ಚುಚ್ಚಬೇಕು. ಒಂದು ನಿಮಿಷದ ಕೆಲಸ, ಆದರೆ ಆ ಒಂದು ನಿಮಿಷಕ್ಕೆ ನಾನು ಮನೆಯಲ್ಲಿರಬೇಕಲ್ಲ. ಹಾಸನದಲ್ಲಿ ಮಾವನ ಮಗಳ ಮದುವೆಗೆ ಮುಹೂರ್ತ ಮುಗಿಸಿ ಊಟಕ್ಕೂ ಕೂರದೆ ಓಡಿ ಬಂದೆ, ಅತ್ತೆ ಇನ್ನೂ ಮುಖ ಕೊಟ್ಟು ಮಾತಾಡಿಲ್ಲ.

ಒಂದು ರಾತ್ರಿ ಸೂಜಿ ಹಾಕಿದ ಮೇಲೆ ತಿಂದದ್ದನ್ನೆಲ್ಲ ಕಕ್ಕಿಬಿಟ್ಟಳು. ಹತ್ತು ಗಂಟೆಗೆ ಕುಡಿದವರ ಹಾಗೆ ತೂರಾಡುತ್ತಿದ್ದಳು. ಮೀಟರಿನಲ್ಲಿ 48. ಒಸಡಿಗೆ ಜೇನುತುಪ್ಪ ಸವರಿ, ಆಟೋ ಹಿಡಿದು ರಾತ್ರಿ ತೆರೆದಿರುವ ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿಯ ಬಿಲ್ಲು ಎರಡು ತಿಂಗಳ ಎಲ್ಲ ಖರ್ಚಿಗಿಂತ ಜಾಸ್ತಿ. ಆವತ್ತಿನಿಂದ ತಿಂಗಳಿಗೆ ಸಾವಿರ ರೂಪಾಯಿ ಅವಳ ಹೆಸರಲ್ಲಿ ಬೇರೆ ಎತ್ತಿಡುತ್ತೇನೆ.

ಕಣ್ಣಿಗೆ ಪೊರೆ ಬಂತು. ಶುಗರ್ ಇರುವ ಬಹುಪಾಲು ನಾಯಿಗಳಿಗೆ ಬರುತ್ತದಂತೆ. ಆಪರೇಷನ್ನಿನ ಖರ್ಚು ಕೇಳಿ ಎದ್ದು ಬಂದೆವು, ಇದನ್ನು ಹೇಳಲು ನಾಚಿಕೆ ಇಲ್ಲ. ಕುರ್ಚಿ, ಮಂಚ ಇದ್ದಲ್ಲೇ ಇದ್ದರೆ ಅವಳಿಗೆ ಮನೆಯೆಲ್ಲ ಬಾಯಿಪಾಠ.

ಮೊನ್ನೆ ಅಮ್ಮನಿಗೆ ಹೇಳುತ್ತಿದ್ದೆ, 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅನ್ನುವವರು ಇನ್ಸುಲಿನ್ ಕಂಡುಹಿಡಿದದ್ದೇ ನಾಯಿಗಳ ಮೇಲೆ ಪ್ರಯೋಗ ಮಾಡಿ ಅಂತ. ಅಮ್ಮ ಸ್ವಲ್ಪ ಹೊತ್ತು ಕಾಳಿಯನ್ನೇ ನೋಡುತ್ತಾ ಕೂತರು. "ಹಾಗಾದ್ರೆ ನಾನೇ ಇವಳ ಸಾಲದಲ್ಲಿದ್ದೀನಿ" ಅಂದರು. ಆ ಸಂಜೆ ಕಾಳಿಯ ಶುಗರ್ 310. ನಾನೇನೂ ಕೊಟ್ಟಿಲ್ಲಪ್ಪ ಅಂದರು ಅಮ್ಮ. ಬೆಳಗ್ಗೆ ಕಸ ಗುಡಿಸುವಾಗ ಅವರ ಮಂಚದ ಕೆಳಗೆ ಅರ್ಧ ಮಾರಿ ಬಿಸ್ಕತ್ತು ಸಿಕ್ಕಿತು, ಇರುವೆ ಮುತ್ತಿದ್ದವು.