ಬೀಡಿ ಇಲ್ಲದ ಬೀಡಿ ಲೇಬಲ್: ಲಿಸ್ಟಿಂಗ್ ಕೊನೆಗೂ ನಿಂತಿತು

ನಿಂತಿತು ಮಾರಾಯ್ರೆ! ಹಳೆಯ ಮಂಗಳೂರು ಬೀಡಿ ಲೇಬಲ್‌ಗಳ ಲಿಸ್ಟಿಂಗ್, ಅಂದರೆ ಮಾರಾಟದ ಪುಟ, ಪೂರ್ತಿ ಏಳು ದಿನ ಹರಾಜಿನಲ್ಲಿ ಉಳಿಯಿತು, ಬಿಡ್ ಬಂತು, ದುಡ್ಡೂ ಬಂತು. ಇಷ್ಟರವರೆಗೆ ಆ ವಿದೇಶಿ ಹರಾಜು ತಾಣದಲ್ಲಿ ಹಾಕಿದ ಬೀಡಿ ಲೇಬಲೆಲ್ಲ 'ತಂಬಾಕು ನೀತಿಗೆ ವಿರುದ್ಧ' ಎಂಬ ಒಂದು ಇಮೇಲ್ ಬಿಟ್ಟು ಮಾಯವಾಗುತ್ತಿತ್ತು. ಒಂದಂತೂ ಬಿಡ್ ಬಿದ್ದ ಮೇಲೆ, ಹರಾಜು ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಹೋಯಿತು.

ಸ್ಕ್ಯಾನಿಂಗ್, ಗ್ರೇಡಿಂಗ್, ಆಲ್ಬಮ್ ಹಾಳೆ ಇವೆಲ್ಲ ಈ ಸಲ ಬೇಡ. ಲೇಬಲ್ ಕೂಡಿಡುವವರಿಗೆ ಅದು ಗೊತ್ತಿರುವುದೇ. ಈ ಸಲ ಬರೀ ಲಿಸ್ಟಿಂಗ್ ತೆಗೆದುಹಾಕುವ ಪೀಡೆಯ ವಿಚಾರ.

ಮಾಲು ಏನೆಂದರೆ, ಒಂದಕ್ಕಿಂತ ಹೆಚ್ಚು ಪ್ರತಿ ಇರುವ, ಬಳಸದ, ಲಿಥೋ (ಕಲ್ಲಚ್ಚು) ಮತ್ತು ಹಳೆಯ ಆಫ್‌ಸೆಟ್ ಲೇಬಲ್‌ಗಳು. ಬೀಡಿಯ ಕಟ್ಟಿಗೆ ಸುತ್ತುವ ಸಣ್ಣವು, ದೊಡ್ಡ ಪ್ಯಾಕೆಟಿನ ಮೇಲೆ ಅಂಟಿಸುವ ಅಗಲದವು, ಎರಡೂ ಉಂಟು. ಒಂದು ಚೂರು ತಂಬಾಕು ಇಲ್ಲ. ಹೊರದೇಶದ ತಾಣಗಳಿಗೆ ಈ ಹೆಸರು ಕೇಳಿದರೆ ಆಗುವುದಿಲ್ಲ, ಅದಕ್ಕೆ ಕಾರಣವೂ ಉಂಟು. ಬಾಲಕಾರ್ಮಿಕರ ವಿಚಾರದಲ್ಲಿ 1999ರಲ್ಲೇ ಅಮೆರಿಕದ ಕಸ್ಟಮ್ಸ್ ಮಂಗಳೂರಿನ ಒಂದು ಕಂಪನಿಯ ಬೀಡಿಯನ್ನು ತಡೆದಿತ್ತು. 2014ರಲ್ಲಿ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಾಲ್ಕು ಬೀಡಿ ಉತ್ಪನ್ನಗಳ ಮಾರಾಟವನ್ನೇ ನಿಲ್ಲಿಸಿತು. ಹಾಗಾಗಿ ಯಂತ್ರಕ್ಕೆ ಬೀಡಿ ಕಂಡರೆ ಮೊದಲು ಕತ್ತರಿ, ಆಮೇಲೆ ವಿಚಾರಣೆ.

ಲಿಸ್ಟಿಂಗ್ ಹೋದ ಕೂಡಲೇ ಕೈ ಹೋಗುವುದು 'ಮತ್ತೆ ಹಾಕು' ಎಂಬ ಬಟನ್‌ಗೆ. ಅದನ್ನು ಮುಟ್ಟಬೇಡಿ. ಆ ಬಟನ್ ಹಳೆಯ ಶೀರ್ಷಿಕೆ, ವಿಭಾಗ, ಫೋಟೋ, ಕೆಳಗಿನ 'ವಸ್ತುವಿನ ವಿವರ' ಕಾಲಮ್ಮುಗಳು ಎಲ್ಲವನ್ನೂ ಹಾಗೆಯೇ ಎತ್ತಿಕೊಂಡು ಬರುತ್ತದೆ. ಯಾವ ಕಾರಣಕ್ಕೆ ಹೋಗಿತ್ತೋ ಅದೂ ಒಟ್ಟಿಗೆ ಬಂತು. ಅದೇ ತಪ್ಪು ಪುನಃ ಬಂದರೆ ಖಾತೆಯ ಮೇಲೆ ಇನ್ನೊಂದು ತಪ್ಪಿನ ಗೆರೆ ಬೀಳುತ್ತದೆ. ಗೆರೆ ಜಾಸ್ತಿಯಾದರೆ ಮಾರುವ ಮಿತಿ ಇಳಿಯುತ್ತದೆ, ಇಲ್ಲವೇ ಖಾತೆಯೇ ಅಮಾನತಾಗುತ್ತದೆ. ಆದ್ದರಿಂದ ಒಂದೊಂದೇ ಶಬ್ದ ಬದಲಾಯಿಸಿ 'ಈಗ ನಿಲ್ಲುತ್ತದಾ' ಎಂದು ನೋಡುತ್ತ ಹೋಗುವ ದಾರಿ ಇಲ್ಲಿಲ್ಲ. ಸಾಕೆಟಿಗೆ ಬೆರಳು ಹಾಕಿ ಕರೆಂಟ್ ಉಂಟಾ ಅಂತ ನೋಡಿದ ಹಾಗೆ ಅದು.

ಇಮೇಲ್ ಯಾವ ಜಾತಿಯದ್ದೆಂದು ಮೊದಲು ಗುರುತಿಸಿ. ಹಾಕಿದ ಸ್ವಲ್ಪ ಹೊತ್ತಿನಲ್ಲೇ, ಅಥವಾ ತಿದ್ದುಪಡಿ ಮಾಡಿದ ಕೂಡಲೇ ಬಂದು, ನೀತಿಯ ಹೆಸರು ಮಾತ್ರ ಹೇಳುವುದಾದರೆ ಅದು ಯಂತ್ರದ ಕೆಲಸ. ಬ್ರಾಂಡ್ ಮಾಲೀಕರ ದೂರಾದರೆ ಅದರಲ್ಲಿ ಸಾಮಾನ್ಯವಾಗಿ ದೂರುದಾರರ ವಿಳಾಸ ಇರುತ್ತದೆ, ಮಾತಾಡಬೇಕಾದದ್ದು ಅವರ ಹತ್ತಿರ. ತಾಣದ ಸಹಾಯವಾಣಿ ಅದರಲ್ಲಿ ಕೈ ಹಾಕುವುದಿಲ್ಲ. ಹರಾಜಿನ ನಡುವೆ, ಬಿಡ್ ಬಂದ ಮೇಲೆ ಹೋದರೆ ಯಾರೋ 'ರಿಪೋರ್ಟ್' ಒತ್ತಿರುವ ಸಾಧ್ಯತೆ ಜಾಸ್ತಿ. ಯಾರೋ ಎಂದರೆ ಅದೇ ಲೇಬಲ್ ಇನ್ನೂ ಜಾಸ್ತಿ ಬೆಲೆಗೆ ಹಾಕಿದವರು. ಹೆಸರು ಬೇಡ.

ಇನ್ನು ಒಂದು: ತೆಗೆದುಹಾಕಿದ ಪುಟ ಸ್ವಲ್ಪ ಸಮಯದ ಮೇಲೆ ತೆರೆಯುವುದೇ ಇಲ್ಲ. ಹಾಕಿದ ಕೂಡಲೇ ಪೂರ್ತಿ ಪುಟದ ಸ್ಕ್ರೀನ್‌ಶಾಟ್, ಲಿಸ್ಟಿಂಗ್ ಸಂಖ್ಯೆ, ವಿವರಣೆಯ ಪಠ್ಯ ಒಂದು ಫೋಲ್ಡರಿನಲ್ಲಿ ಇರಲಿ. ಮೇಲ್ಮನವಿ ಬರೆಯುವಾಗ 'ನೀವು ಏನು ಬರೆದಿದ್ದಿರಿ' ಎಂದು ಕೇಳಿದರೆ ತೋರಿಸಲು ಬೇರೆ ದಾರಿ ಇಲ್ಲ.

ಈಗ ಅಸಲು ಗಂಟಿಗೆ ಬರುವ. ಮೊದಲ ಅನುಮಾನ ವಿಭಾಗದ ಮೇಲೆ: ತಂಬಾಕಿಗೆ ಸಂಬಂಧಿಸಿದ ಸಂಗ್ರಹವಸ್ತುಗಳ ವಿಭಾಗದಲ್ಲಿ ಹಾಕಿದ್ದೇ ತಪ್ಪಾಯಿತಾ? ಅಲ್ಲ. ಅದೇ ವಿಭಾಗದಲ್ಲಿ ಅದೇ ಖಾತೆಯ ಖಾಲಿ ನಶ್ಯದ ಡಬ್ಬಿ ಆರಾಮಾಗಿ ಕುಳಿತಿತ್ತು. ಎರಡನೆಯ ಅನುಮಾನ 'ಬೀಡಿ' ಎಂಬ ಶಬ್ದದ ಮೇಲೆ. ಅದೂ ಪೂರ್ತಿ ಅಲ್ಲ. ಬೇರೆಯವರ ಬೀಡಿ ಲೇಬಲ್‌ಗಳು ಅದೇ ಶಬ್ದ ಇಟ್ಟುಕೊಂಡು ಓಡುತ್ತಿದ್ದವು. ಓಡುತ್ತಿರುವುದನ್ನೂ ಬಿದ್ದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದು ಸಂಖ್ಯೆ.

ಬಿದ್ದ ಶೀರ್ಷಿಕೆ ಹೀಗಿತ್ತು: 'ವಿಂಟೇಜ್ ಮಂಗಳೂರು ಬೀಡಿ ಲೇಬಲ್ ಪ್ಯಾಕ್ ಆಫ್ 25'. ಬೀಡಿ ಕಟ್ಟುವವರನ್ನು ಕೇಳಿ, ಒಂದು ಕಟ್ಟಿನಲ್ಲಿ ಎಷ್ಟು ಎಂದು. ಇಪ್ಪತ್ತೈದು! ನಾವು 25 ಚೀಟಿ ಎಂದು ಬರೆದದ್ದನ್ನು ಯಂತ್ರ 25 ಬೀಡಿಯ ಪ್ಯಾಕ್ ಎಂದು ಓದಿದರೆ ಅದನ್ನು ದೂರುವ ಹಾಗಿಲ್ಲ. ಅದರ ಮೇಲೆ 'ವಸ್ತುವಿನ ವಿವರ'ದಲ್ಲಿ ವಿಧ ಎಂಬಲ್ಲಿ ಬೀಡಿ, ಬ್ರಾಂಡ್ ಎಂಬಲ್ಲಿ ಬೀಡಿ ಕಂಪನಿಯ ಹೆಸರು. ಇಷ್ಟು ಸಾಲದು ಎಂಬಂತೆ ಮೊದಲ ಫೋಟೋದಲ್ಲಿ ಲೇಬಲನ್ನು ಪೆನ್ಸಿಲ್ ತುಂಡುಗಳ ಕಟ್ಟಿಗೆ ಸುತ್ತಿ, ದಾರ ಕಟ್ಟಿ, 'ಬಳಸುವಾಗ ಹೀಗೆ ಕಾಣುತ್ತದೆ' ಎಂಬ ಅಲಂಕಾರ. ಫೋಟೋ ಚೆಂದವೇ ಇತ್ತು. ನೋಡಿದರೆ ಸಾಕ್ಷಾತ್ ಬೀಡಿ ಕಟ್ಟು.

ತಾಣದವರು ಯಾವುದು ಕಾರಣವೆಂದು ಬಿಡಿಸಿ ಹೇಳುವುದಿಲ್ಲ. ಆದರೆ ಶೀರ್ಷಿಕೆ ಮಾತ್ರ ತಿದ್ದಿದಾಗ ನಿಲ್ಲಲಿಲ್ಲ. ಸಂಖ್ಯೆ, ವಿವರದ ಕಾಲಮ್ಮು, ಮೊದಲ ಫೋಟೋ ಮೂರನ್ನೂ ಒಟ್ಟಿಗೆ ಸರಿಮಾಡಿದಾಗ ನಿಂತಿತು.

ಈಗಿನ ಕ್ರಮ ಹೀಗುಂಟು. ಖಾಲಿ ಫಾರಂನಿಂದ ಶುರು, ಹಳೆಯದರ ನಕಲು ಇಲ್ಲ. ವಿಭಾಗ: ಕಾಗದದ ಸಂಗ್ರಹವಸ್ತು, ಅದರೊಳಗೆ ಲೇಬಲ್. ಶೀರ್ಷಿಕೆಯಲ್ಲಿ ಮೊದಲು ಬರುವುದು 'ಮುದ್ರಿತ ಕಾಗದದ ಲೇಬಲ್', ಆಮೇಲೆ 'ಲಿಥೋ', ಆಮೇಲೆ ಊರು ಮತ್ತು ದಶಕ, ಬೀಡಿ ಎಂಬುದು ಕಡೆಗೆ. 80 ಅಕ್ಷರದಲ್ಲಿ ಇಷ್ಟು ಹಿಡಿಯುತ್ತದೆ. ಪ್ಯಾಕ್, ಬಂಡಲ್, ಬಾಕ್ಸ್, ಫ್ರೆಶ್, ಸೀಲ್ಡ್ ಈ ಯಾವುದೂ ಬೇಡ. 'ಬೇರೆ ಬೇರೆ ಲೇಬಲ್‌ಗಳು' ಎಂದರೆ ಸಾಕು, ಸಂಖ್ಯೆಯನ್ನು ವಿವರಣೆಯಲ್ಲಿ ಹೇಳಬಹುದು. ವಸ್ತು ಯಾವುದರದ್ದು ಎಂಬ ಕಾಲಮ್ಮಿನಲ್ಲಿ 'ಕಾಗದ' ಎಂದು ತುಂಬಲೇಬೇಕು. ಬ್ರಾಂಡ್ ಕಾಲಮ್ಮು ಖಾಲಿ. ವಿವರಣೆಯ ಮೊದಲ ವಾಕ್ಯ: 'ಇದು ಮುದ್ರಿತ ಕಾಗದ ಮಾತ್ರ, ತಂಬಾಕು ಇಲ್ಲ, ಯಾವ ಉತ್ಪನ್ನಕ್ಕೂ ಸುತ್ತಿದ್ದಲ್ಲ.' ಮೊದಲ ಫೋಟೋ ಕಪ್ಪು ಹಾಳೆಯ ಮೇಲೆ ಚಪ್ಪಟೆಯಾಗಿ ಇಟ್ಟ ಲೇಬಲ್, ಪಕ್ಕದಲ್ಲಿ ಸ್ಟೀಲ್ ಸ್ಕೇಲು. ಎರಡನೆಯದು ಹಿಂಬದಿ. ಆಮೇಲೆ 600 ಡಿಪಿಐ ಸ್ಕ್ಯಾನಿನ ಹತ್ತಿರದ ನೋಟ.

ಬೀಡಿ ಎಂಬುದನ್ನು ನಡುವೆ ಚುಕ್ಕಿ, ನಕ್ಷತ್ರ ಹಾಕಿ ಬರೆಯುವ ಬುದ್ಧಿವಂತರೂ ಇದ್ದಾರೆ. ಅದು ತಲೆಕೆಟ್ಟ ಕೆಲಸ. ಸೋಸುವ ವ್ಯವಸ್ಥೆಯನ್ನು ತಪ್ಪಿಸಿಕೊಳ್ಳಲು ನೋಡಿದ್ದೇ ಬೇರೆ ಅಪರಾಧವಾಗುತ್ತದೆ, ಮತ್ತೆ ಮೇಲ್ಮನವಿಗೆ ಮುಖ ಇರುವುದಿಲ್ಲ. ಹುಡುಕುವ ಗಿರಾಕಿಗೂ ಸಿಗುವುದಿಲ್ಲ.

ಮೇಲ್ಮನವಿ ಚಿಕ್ಕದಾಗಿರಲಿ: ಲಿಸ್ಟಿಂಗ್ ಸಂಖ್ಯೆ, ವಸ್ತು ಏನು, ಅವರದೇ ನೀತಿಯಲ್ಲಿ ಖಾಲಿ ಹೊದಿಕೆ ಮತ್ತು ಲೇಬಲ್‌ಗೆ ಅವಕಾಶ ಕೊಟ್ಟಿರುವ ಸಾಲು ಇದ್ದರೆ ಅದು, ಹಿಂಬದಿಯ ಫೋಟೋ. ಅಷ್ಟೇ. 'ನಾನು ಇಷ್ಟು ವರ್ಷದಿಂದ ಪ್ರಾಮಾಣಿಕ ಮಾರಾಟಗಾರ' ಎಂಬ ಪುರಾಣ ಓದಲು ಆ ಕಡೆ ಯಾರಿಗೂ ಪುರುಸೊತ್ತಿಲ್ಲ.

ಬಣ್ಣದ ಹೆಸರಲ್ಲೂ ಗುಂಡಿ ಉಂಟು. ಕಾಗದದ ಬಣ್ಣವನ್ನು 'ಐವರಿ' ಎಂದು ಬರೆದರೆ ದಂತದ ನಿಷೇಧದ ಕತ್ತರಿಗೆ ಕೊರಳು ಕೊಟ್ಟ ಹಾಗೆ. ಕ್ರೀಮ್ ಎನ್ನಿ. ಹುಲಿ ಮಾರ್ಕು, ಜಿಂಕೆ ಮಾರ್ಕು ಲೇಬಲ್ ಆದರೆ 'ಹುಲಿಯ ಚಿತ್ರ' ಎಂದು ಬಿಡಿಸಿ ಬರೆಯಿರಿ.

ಕಾಲ ಹೇಳುವಾಗ ಉಬ್ಬಿಸಬೇಡಿ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 15 ಆಗಸ್ಟ್ 1972ರ ನಂತರದ್ದು. 'ಮೈಸೂರು ಸ್ಟೇಟ್' ಎಂದಿದ್ದರೆ ಮಂಗಳೂರಿನ ಮಟ್ಟಿಗೆ 1956ರ ನವೆಂಬರ್‌ನಿಂದ 1973ರ ನವೆಂಬರ್‌ವರೆಗಿನ ಅವಧಿ. ಹಳೆಯ ಬ್ಲಾಕನ್ನೇ ಆಮೇಲೂ ಓಡಿಸಿದ ಪ್ರೆಸ್ಸಿನವರು ಇರಬಹುದು, ಅಷ್ಟು ಜಾಗ ಬಿಡಿ. 1975ರ ಎಚ್ಚರಿಕೆಯ ಕಾಯ್ದೆ ಸಿಗರೇಟಿಗೆ ಮಾತ್ರ ಇತ್ತು, ಆದ್ದರಿಂದ ಎಚ್ಚರಿಕೆ ಇಲ್ಲದ ಬೀಡಿ ಲೇಬಲ್ ಅಂದರೆ ತುಂಬಾ ಹಳೆಯದು ಎಂದೇನಲ್ಲ. ಚಿತ್ರಸಹಿತ ಎಚ್ಚರಿಕೆ ಬಂದದ್ದು 31 ಮೇ 2009ಕ್ಕೆ. ಅದು ಇರುವ ಲೇಬಲ್, ಅಂದರೆ ಈಗಲೂ ಅಂಗಡಿಯಲ್ಲಿರುವ ಬ್ರಾಂಡಿನ ಬಳಸದ ಚೀಟಿ, ಮಾರಲೇಬೇಡಿ. ಖೋಟಾ ಬೀಡಿ ಮಾಡುವವನ ಕೈಗೆ ಅದು ಹೋದರೆ ಬ್ರಾಂಡಿನವರ ದೂರು ನ್ಯಾಯವಾದದ್ದೇ. ಹಳೆಯದಾದರೂ ಒಂದೇ ಲೇಬಲಿನ ನೂರು ಪ್ರತಿ ಒಬ್ಬನಿಗೇ ಕೊಡುವುದು ನಮಗಂತೂ ಸರಿ ಕಾಣುವುದಿಲ್ಲ. ಬೇರೆ ಬೇರೆ ಸೇರಿಸಿದ ಸೆಟ್ ಸಂಗ್ರಾಹಕರಿಗೂ ಒಳ್ಳೆಯದು.

ಕಾಲ ಉಬ್ಬಿಸಬಾರದು ಎಂದದ್ದಕ್ಕೆ ಇನ್ನೊಂದು ಕಾರಣ ಹಂಚು. ಹೌದು, ಮಂಗಳೂರು ಹಂಚು. ಮುಂದಿನ ಯೋಜನೆ ಅದೇ, ಈಗಲೇ ಹೇಳಿಬಿಡುವ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಹಂಚಿನ ಮೇಲೆ ಇರುವ '1865' ಸ್ಥಾಪನೆಯ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಆದರೆ ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಹಾಗಾಗಿ ಮಿಶನ್ನಿನ ಹೆಸರು ಇರುವ ಹಂಚು ಹೇಗೂ ನೂರು ವರ್ಷ ದಾಟಿದ್ದೇ. 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ತುಂಬಿದ, ಕಟ್ಟಡದಿಂದ ಬಿಡಿಸಿದ ವಸ್ತುವೂ ಸೇರುತ್ತದೆ. ಖಾಸಗಿಯವರು ಅಂಥದ್ದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅಂಥ ಲಿಸ್ಟಿಂಗ್ ಹೋದರೆ ಮೇಲ್ಮನವಿ ಇಲ್ಲ, ಹೋಗಬೇಕಾದದ್ದೇ. ಲೇಬಲಿಗೆ ಅಂದಾಜಿನಲ್ಲಿ '1920' ಎಂದು ಬರೆಯುವವರೂ ಇದೇ ಕಾಯ್ದೆಯ ಬಾಗಿಲು ತಾವೇ ತಟ್ಟುತ್ತಾರೆ. ಆದ್ದರಿಂದ ಹಂಚು ಮಾರುವುದಲ್ಲ, ಮುದ್ರೆ ತೆಗೆಯುವುದು: ಹಂಚಿನ ಮೇಲೆ ತೆಳು ಬಟರ್ ಪೇಪರ್ ಬಿಗಿಯಾಗಿ ಹಿಡಿದು ಕಪ್ಪು ಮೇಣದ ಕ್ರೇಯಾನ್ ಅಡ್ಡವಾಗಿ ತಿಕ್ಕಿದರೆ ಅಕ್ಷರ ಏಳುತ್ತದೆ. ಪಾಚಿ ಕಟ್ಟಿದ ಹಂಚಾದರೆ ಮೊದಲು ನಾರಿನ ಬ್ರಷ್ಷಿನಲ್ಲಿ ಒಣದಾಗಿ ಉಜ್ಜಬೇಕು, ನೀರು ಹಾಕಿದರೆ ಒಣಗುವವರೆಗೆ ಕಾಗದ ನಿಲ್ಲುವುದಿಲ್ಲ. ಇದರ ವಿಚಾರ ಬೇರೆಯೇ ಬರೆಯಬೇಕು.

ಮತ್ತೆ ಲೇಬಲಿಗೆ. ಪೂರೈಕೆದಾರರ ಬಗ್ಗೆ ಒಂದು ಮಾತು ಹೇಳದೆ ಹೊಟ್ಟೆ ತಣ್ಣಗಾಗುವುದಿಲ್ಲ. 'ಹಳೆಯ ಪ್ರೆಸ್ಸಿನ ಉಳಿಕೆ ಮಾಲು' ಎಂದು ಕಳುಹಿಸಿದ ಕಂತೆಯಲ್ಲಿ ಅರ್ಧಕ್ಕರ್ಧ ಕಲರ್ ಝೆರಾಕ್ಸ್. ಹಳೆಯ ಮಾಲಿನ ವಾಸನೆ ಬರಲಿ ಎಂದು ಚಹಾದ ನೀರಿನಲ್ಲಿ ಅದ್ದಿದ ಹಾಗೆ ಅಂಚಿನಲ್ಲಿ ಕಂದು ಬೇರೆ. ಗುರುತಿಸುವುದು ಕಷ್ಟವಿಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಹಿಡಿಯಿರಿ: ಲಿಥೋದಲ್ಲಿ ಕೆಂಪು ಎಂದರೆ ಒಂದೇ ಗಟ್ಟಿ ಕೆಂಪು, ಅಂಚಿನಲ್ಲಿ ಒಂದು ಬಣ್ಣ ಇನ್ನೊಂದರಿಂದ ಕೂದಲೆಳೆಯಷ್ಟು ಜಾರಿರುತ್ತದೆ. ಲೇಸರ್ ಪ್ರಿಂಟಿನಲ್ಲಿ ಅದೇ ಕೆಂಪು ಹಳದಿ ಮತ್ತು ಮೆಜೆಂಟಾ ಚುಕ್ಕಿಗಳ ಸಂತೆ, ಓರೆಯಾಗಿ ಹಿಡಿದರೆ ಟೋನರಿನ ಹೊಳಪು ಕಾಗದದ ಮೇಲೆಯೇ ನಿಂತಿರುತ್ತದೆ. 365 ನ್ಯಾನೋಮೀಟರಿನ ಯುವಿ ಟಾರ್ಚ್ ಹಾಕಿದರೆ ಹೊಸ ಕಾಗದ ನೀಲಿ-ಬಿಳಿಯಾಗಿ ಉರಿಯುತ್ತದೆ, ಹಳೆಯ ಮಿಲ್ ಕಾಗದ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ. 395ರ ಅಗ್ಗದ ಟಾರ್ಚ್ ಬೇಡ, ಅದರದ್ದೇ ನೇರಳೆ ಬೆಳಕು ಕಣ್ಣು ಕಟ್ಟುತ್ತದೆ. ನಕಲು ಹಾಕಿದರೆ ಬರುವ ದೂರು ತಂಬಾಕು ನೀತಿಯದ್ದಲ್ಲ, ಖೋಟಾ ಮಾಲಿನದ್ದು. ಅದರಿಂದ ಖಾತೆ ಏಳುವುದು ಕಷ್ಟ.

ಕಳುಹಿಸುವಾಗ ಕಸ್ಟಮ್ಸ್ ಚೀಟಿಯಲ್ಲಿ 'ಮುದ್ರಿತ ಕಾಗದದ ಲೇಬಲ್, ಸಂಗ್ರಹಕ್ಕೆ' ಎಂದು ಬರೆದು ಎಚ್‌ಎಸ್ ಕೋಡ್ (ಸರಕಿನ ವರ್ಗದ ಸಂಖ್ಯೆ) 4821 ಹಾಕಿ. ಬೀಡಿ ಬರುವುದು 2403ರಲ್ಲಿ. ಎರಡು ಕೋಡಿನ ದಾರಿಯೇ ಬೇರೆ. ವ್ಯಾಪಾರದ ಲೆಕ್ಕದಲ್ಲಿ ಹೋಗುವ ಮಾಲಿಗೆ ಐಇಸಿ (ಆಮದು-ರಫ್ತುದಾರರ) ಸಂಖ್ಯೆ ಮತ್ತು ಅಂಚೆಯ ರಫ್ತು ಬಿಲ್ ಬೇಕು. ಮಳೆಗಾಲದಲ್ಲಿ ನಮ್ಮೂರ ಗಾಳಿಗೆ ಕಾಗದ ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಆದ್ದರಿಂದ ಲೇಬಲಿಗೆ ತಾಗುವುದು ನಯವಾದ ತೆಳು ಗ್ಲಾಸೀನ್ ಕಾಗದ, ಅದರ ಹೊರಗೆ ಎರಡು ರಟ್ಟು, ಎಲ್ಲಕ್ಕಿಂತ ಹೊರಗೆ ಮಾತ್ರ ಪ್ಲಾಸ್ಟಿಕ್.

ಲಿಸ್ಟಿಂಗಿನ ಸರದಿಯಲ್ಲಿ ಮುಂದಿರುವುದು ಶಿವಕಾಶಿಯ ಹಳೆಯ ಪಟಾಕಿ ಲೇಬಲ್‌ಗಳು. ಸ್ಫೋಟಕ ನೀತಿ ಎಂಬುದೂ ಒಂದು ಉಂಟು, ಅಲ್ವಾ. ಮೊದಲಿಗೆ ಕಡಿಮೆ ಬೆಲೆಯ ಒಂದೇ ಒಂದನ್ನು ಹಾಕಿ ನೋಡುವುದು, ಪೆನ್ಸಿಲ್ ಕಟ್ಟಿನ ಅಲಂಕಾರ ಇಲ್ಲದೆ.