ಕ್ಯೂ ತುಂಬಿದರೆ ಏನು ಮಾಡ್ತೀರಿ?

ಬೆಳಗಿನ ಜಾವ ನಾಲ್ಕು ಗಂಟೆಗೆ ಫೋನ್ ಬಂತು. ಮ್ಯಾಪ್ ಮೇಲೆ ಲಾರಿಗಳೆಲ್ಲ ನಿಂತುಬಿಟ್ಟಿವೆ, ಒಂದೂ ಅಲುಗಾಡ್ತಿಲ್ಲ ಅಂದರು ಸಪೋರ್ಟ್ ಟೀಮಿನವರು. ಲ್ಯಾಪ್‌ಟಾಪ್ ತೆಗೆದು ಲಾಗ್ ನೋಡಿದೆ. ಕೊನೆಯ ಸಾಲು ಔಟ್‌ಆಫ್‌ಮೆಮೊರಿಎರರ್, ಅಂದರೆ ಮೆಮೊರಿ ಸಾಲದೆ ಹೋಗಿದೆ. ಸರ್ವಿಸ್ ಸತ್ತಿತ್ತು.

ಆ ಸರ್ವಿಸ್ ಮಾಡೋ ಕೆಲಸ ದೊಡ್ಡದೇನಲ್ಲ. ಸುಮಾರು 3,000 ಲಾರಿಗಳು 10 ಸೆಕೆಂಡಿಗೊಮ್ಮೆ ತಾವೆಲ್ಲಿದ್ದೇವೆ ಅಂತ ತಿಳಿಸುತ್ತವೆ. ಸೆಕೆಂಡಿಗೆ 300 ಮೆಸೇಜ್. ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ತನ್ನ ಪಾಡಿಗೆ ಓಡುವ ಕೆಲಸದ ಎಳೆ) ಅವನ್ನು ಪಡೆದು ಬ್ಲಾಕಿಂಗ್ ಕ್ಯೂಗೆ ಹಾಕುತ್ತದೆ. ಖಾಲಿಯಿದ್ದರೆ ತೆಗೆಯುವವರನ್ನು, ತುಂಬಿದ್ದರೆ ಹಾಕುವವರನ್ನು ಕಾಯಿಸುವ ಸಾಲು ಅದು. ನಾಲ್ಕು ಥ್ರೆಡ್‌ಗಳು ಅಲ್ಲಿಂದ ತೆಗೆದು ಡೇಟಾಬೇಸ್‌ಗೆ ಬರೆಯುತ್ತವೆ. ಕ್ಯೂ ಖಾಲಿ ಇದ್ದರೆ 'ಟೇಕ್' ಕರೆದ ಥ್ರೆಡ್ ಅಲ್ಲೇ ಮಲಗುತ್ತದೆ, ಮೆಸೇಜ್ ಬಿದ್ದ ಕೂಡಲೇ ಏಳುತ್ತದೆ. ಹೀಗೆ ಮಲಗಿಸಿ ಎಬ್ಬಿಸಲು ಬೇಕಾದ ಲಾಕ್, ವೇಟ್, ನೋಟಿಫೈ ಯಾವುದನ್ನೂ ನಾವು ಬರೆಯಬೇಕಿಲ್ಲ. 2004ರಲ್ಲಿ ಜಾವಾ 5 ಬಂದಾಗಿನಿಂದ ಇದೆಲ್ಲ ಜಾವಾ ಭಾಷೆಯ ಜೊತೆಗೇ ಸಿಗುತ್ತದೆ. ನನಗೆ ತುಂಬಾ ಇಷ್ಟವಾದ ಸವಲತ್ತು ಇದು.

ತಪ್ಪಿದ್ದದ್ದು ನಾನು ಬರೆದ ಒಂದು ಸಾಲಿನಲ್ಲಿ. ಲಿಂಕ್ಡ್‌ಬ್ಲಾಕಿಂಗ್‌ಕ್ಯೂ ಅನ್ನೋ ಜಾವಾದ ಕ್ಯೂ ಬರೆದು, ಮಿತಿ ಹೇಳುವ ಬ್ರಾಕೆಟ್ ಖಾಲಿ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಅದರ ಮಿತಿ 2147483647. ಅಂದರೆ 214 ಕೋಟಿಗೂ ಜಾಸ್ತಿ. ಹೆಸರಲ್ಲಿ ಬ್ಲಾಕಿಂಗ್ ಅಂತಿದ್ದರೂ ಹಾಕುವವರನ್ನು ಅದು ಎಂದೂ ತಡೆಯುವುದಿಲ್ಲ. ಅಷ್ಟು ತುಂಬುವ ಮೊದಲೇ ಮೆಮೊರಿ ಮುಗಿದಿರುತ್ತದೆ.

ಅವತ್ತು ರಾತ್ರಿ ಒಂದು ಗಂಟೆಗೆ ಹೊಸದೊಂದು ರಿಪೋರ್ಟ್ ಜಾಬ್ ಶುರುವಾಗಿತ್ತು. ಡೇಟಾಬೇಸ್ ನಿಧಾನವಾಯಿತು. ಸೆಕೆಂಡಿಗೆ 300 ಬರೆಯುತ್ತಿದ್ದದ್ದು 100ಕ್ಕೆ ಇಳಿಯಿತು. ಒಳಗೆ ಬರೋದು 300, ಹೊರಗೆ ಹೋಗೋದು 100. ಗಂಟೆಗೆ 7,20,000 ಮೆಸೇಜ್ ಬಾಕಿ. ಒಂದಕ್ಕೆ ಹತ್ತಿರ ಹತ್ತಿರ ಒಂದು ಕೆಬಿ ಅಂತಿಟ್ಟುಕೊಳ್ಳಿ, ಸರ್ವಿಸ್‌ಗೆ ಕೊಟ್ಟ 2 ಜಿಬಿ ಮೆಮೊರಿ (ಹೀಪ್) ಮೂರು ಗಂಟೆಯಲ್ಲಿ ಭರ್ತಿ. ಒಂದಕ್ಕೆ ಮೂರು ಸೇರಿಸಿದರೆ ನಾಲ್ಕು. ಫೋನ್ ಬಂದ ಹೊತ್ತೂ ಅದೇ. ಕ್ಯೂನಲ್ಲಿ ಕಾಯುತ್ತಿದ್ದ ಸುಮಾರು 20 ಲಕ್ಷ ಮೆಸೇಜ್ ಸರ್ವಿಸ್ ಜೊತೆಗೇ ಹೋದವು. ಅದು ನನಗೆ ಈಗಲೂ ಬೇಜಾರು.

ಬೆಳಿಗ್ಗೆ ನಮ್ಮ ಲೀಡ್ ಬೈಯಲಿಲ್ಲ. ಕೋಡ್ ನೋಡಿ ಒಂದೇ ಮಾತು ಕೇಳಿದರು: "ಕ್ಯೂ ತುಂಬಿದ್ರೆ ಏನ್ ಮಾಡ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಮಂಡ್ಯ ಕಡೆಯವನು. ಸಕ್ಕರೆ ಕಾರ್ಖಾನೆಗೆ ಕೊಡೋ ಕಬ್ಬನ್ನು ಅಲ್ಲಿಂದ ಪರ್ಮಿಟ್ ಬರೋ ತನಕ ನಮ್ಮಲ್ಲಿ ಯಾರೂ ಕಡಿಯೋದಿಲ್ಲ. ಕಡಿದು ಗದ್ದೆಯಲ್ಲೇ ಬಿಟ್ಟರೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಅರೆಯೋದು ನಿಧಾನವಾದರೆ ಕಡಿಯೋದೂ ನಿಧಾನವಾಗಬೇಕು. ಚಿಕ್ಕಂದಿನಿಂದ ಕಂಡ ಸಂಗತಿ ಕೋಡ್ ಬರೆಯುವಾಗ ನೆನಪಿಗೆ ಬರಲಿಲ್ಲ.

ಅರೇಬ್ಲಾಕಿಂಗ್‌ಕ್ಯೂಗೆ ಬದಲಾಯಿಸಿದೆವು. ಅದಕ್ಕೆ ಮಿತಿ ಕೊಡಲೇಬೇಕು, ಕೊಡದಿದ್ದರೆ ಕಂಪೈಲ್ ಆಗೋದೇ ಇಲ್ಲ. 10,000 ಅಂತ ಇಟ್ಟೆವು. ಸೆಕೆಂಡಿಗೆ 300ರಂತೆ ಅದು 33 ಸೆಕೆಂಡಿನ ಮಾಲು. ಡೇಟಾಬೇಸ್ ಅಷ್ಟು ಹೊತ್ತು ಪೂರ್ತಿ ನಿಂತರೂ ತಡೆದುಕೊಳ್ಳಬಹುದು. ಅದನ್ನೂ ಮೀರಿದರೆ ಕ್ಯೂಗೆ ಮೆಸೇಜ್ ಹಾಕುವ 'ಪುಟ್' ಜಾಗ ಸಿಗೋ ತನಕ ಕಾಯುತ್ತದೆ. ಪಡೆಯುವ ಥ್ರೆಡ್ ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ಓದುವುದನ್ನು ನಿಲ್ಲಿಸುತ್ತದೆ. ಆಗ ಮೆಸೇಜ್ ಸಾಗಿಸುವ ನೆಟ್‌ವರ್ಕ್ ನಿಯಮ ಟಿಸಿಪಿಯೇ ಆ ಕಡೆಯವರನ್ನು ತಡೆಯುತ್ತದೆ. ನಮ್ಮ ಲಾರಿಗಳ ಡಿವೈಸ್ ಕಳುಹಿಸಲಾಗದ ಮೆಸೇಜನ್ನು ತನ್ನಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ.

ಇಷ್ಟಕ್ಕೆ ಸರಿಹೋಯಿತು ಅಂದುಕೊಂಡಿದ್ದೆ. ಎರಡು ವಾರದ ನಂತರ ಮ್ಯಾಪ್ ಮತ್ತೆ ನಿಂತಿತು.

ಈ ಸಲ ಸರ್ವಿಸ್ ಸತ್ತಿರಲಿಲ್ಲ. ಮೆಮೊರಿ ಸರಿಯಿತ್ತು, ಸಿಪಿಯು ಹತ್ತಿರ ಹತ್ತಿರ ಸೊನ್ನೆ. ಹೆಲ್ತ್ ಚೆಕ್ ಹಸಿರು ತೋರಿಸುತ್ತಿತ್ತು. ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ. ಜೆಸ್ಟ್ಯಾಕ್ ಅನ್ನೋ ಜಾವಾ ಟೂಲ್ ಹಾಕಿ ಥ್ರೆಡ್ ಡಂಪ್, ಅಂದರೆ ಯಾವ ಥ್ರೆಡ್ ಎಲ್ಲಿ ನಿಂತಿದೆ ಅನ್ನೋ ಪಟ್ಟಿ ತೆಗೆದೆ. ಪಡೆಯುವ ಥ್ರೆಡ್ 'ಪುಟ್' ಒಳಗೆ ನಿಂತಿದೆ, ಪಕ್ಕದಲ್ಲಿ 'ವೇಟಿಂಗ್' ಅಂತಿದೆ. ಸರಿ, ಕ್ಯೂ ತುಂಬಿದೆ. ಹಾಗಾದರೆ ಬರೆಯುವ ಥ್ರೆಡ್‌ಗಳು ಎಲ್ಲಿ? ಡಂಪನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ನಾಲ್ಕರಲ್ಲಿ ಒಂದೂ ಇರಲಿಲ್ಲ.

ಒಂದು ಲಾರಿಯ ಡಿವೈಸ್ ಕೆಟ್ಟು, ಸಮಯವೇ ಇಲ್ಲದ ಮೆಸೇಜ್ ಕಳುಹಿಸುತ್ತಿತ್ತು. ಅದನ್ನು ಎತ್ತಿಕೊಂಡ ಥ್ರೆಡ್‌ನಲ್ಲಿ ನಲ್‌ಪಾಯಿಂಟರ್ ಎಕ್ಸೆಪ್ಶನ್ (ಇಲ್ಲದ ಮೌಲ್ಯವನ್ನು ಬಳಸಲು ಹೋದಾಗ ಬರುವ ದೋಷ) ಬಂತು. ಅದನ್ನು ಹಿಡಿಯುವ ಕೋಡ್ ಇಲ್ಲದೆ ಥ್ರೆಡ್ಡೇ ಮುಗಿದುಹೋಯಿತು. 10 ಸೆಕೆಂಡ್ ಬಿಟ್ಟು ಅದೇ ಲಾರಿಯಿಂದ ಇನ್ನೊಂದು ಮೆಸೇಜ್, ಇನ್ನೊಂದು ಥ್ರೆಡ್. ಹೀಗೆ ಒಂದು ನಿಮಿಷದೊಳಗೆ ನಾಲ್ಕೂ ಹೋದವು. ಹಿಡಿಯದ ಎಕ್ಸೆಪ್ಶನ್ ಎರರ್ ಔಟ್‌ಪುಟ್‌ಗೆ ಅಚ್ಚಾಗುತ್ತದೆ. ನಾವು ಅದನ್ನು ಲಾಗ್‌ಗೆ ಸೇರಿಸುತ್ತಿರಲಿಲ್ಲ. ಇತ್ತ 33 ಸೆಕೆಂಡಿನಲ್ಲಿ ಕ್ಯೂ ಭರ್ತಿಯಾಯಿತು. ತೆಗೆಯುವವರೇ ಇಲ್ಲದ ಕ್ಯೂ ಮುಂದೆ 'ಪುಟ್' ಸುಮ್ನೆ ಕಾದಿದ್ದೇ ಕಾದಿದ್ದು. ಅದು ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ, ಅಲ್ವಾ? ಅದರ ಕೆಲಸವೇ ಅದು.

ಆಮೇಲೆ ಕೂತು ನಿಧಾನವಾಗಿ ಬರೆದೆವು. ಒಂದೊಂದು ಮೆಸೇಜಿಗೂ ಲೂಪ್ ಒಳಗೇ ದೋಷ ಹಿಡಿಯುವ ಟ್ರೈ-ಕ್ಯಾಚ್. ಕೆಟ್ಟ ಮೆಸೇಜ್ ಬೇರೆ ಟೇಬಲ್‌ಗೆ ಹೋಗುತ್ತದೆ, ಥ್ರೆಡ್ ಉಳಿಯುತ್ತದೆ. ನಿಲ್ಲು ಅನ್ನೋ ಸೂಚನೆ (ಇಂಟರಪ್ಟ್) ಬಂದರೆ ಮಾತ್ರ ಅದನ್ನು ನುಂಗದೆ ಲೂಪ್‌ನಿಂದ ಹೊರಗೆ ಬರಬೇಕು, ಇಲ್ಲದಿದ್ದರೆ ಸರ್ವಿಸ್ ನಿಲ್ಲಿಸೋಕೇ ಆಗೋದಿಲ್ಲ. 'ಪುಟ್' ಬದಲು 2 ಸೆಕೆಂಡ್ ಗಡುವಿನ 'ಆಫರ್' ಬಂತು. ಅಷ್ಟರಲ್ಲಿ ಜಾಗ ಸಿಗದಿದ್ದರೆ ಅದು 'ಫಾಲ್ಸ್' ಅನ್ನುತ್ತದೆ. ಆಗ ಮೆಸೇಜನ್ನು ಡಿಸ್ಕ್‌ನ ಫೈಲಿಗೆ ಬರೆದು ಅಲಾರಂ ಹೊಡೆಯುತ್ತೇವೆ. ಲೀಡ್ ಕೇಳಿದ ಪ್ರಶ್ನೆಗೆ ಉತ್ತರ ಈ ಒಂದು 'ಇಫ್'ನಲ್ಲಿದೆ.

ಎಲ್ಲಕ್ಕಿಂತ ಜಾಸ್ತಿ ಲಾಭ ಕೊಟ್ಟದ್ದು 'ಡ್ರೇನ್‌ಟು'. ಮೊದಲು 'ಟೇಕ್'ನಿಂದ ಒಂದು ಮೆಸೇಜಿಗೆ ಕಾಯುವುದು. ಸಿಕ್ಕ ಮೇಲೆ ಕ್ಯೂನಲ್ಲಿ ಬಿದ್ದಿರುವವುಗಳಲ್ಲಿ 499ರವರೆಗೆ ಒಂದೇ ಸಲ ಬಾಚಿಕೊಳ್ಳುವುದು. ಎಲ್ಲ ಸೇರಿಸಿ ಡೇಟಾಬೇಸ್‌ಗೆ ಒಂದೇ ಬ್ಯಾಚ್. ಬಾಕಿ ಜಾಸ್ತಿ ಇದ್ದಷ್ಟೂ ಬ್ಯಾಚ್ ದೊಡ್ಡದಾಗುತ್ತದೆ, ಬೇಗ ಇಳಿಯುತ್ತದೆ. ಈಗ ರಿಪೋರ್ಟ್ ಜಾಬ್ ಓಡುವ ಹೊತ್ತಲ್ಲಿ ಡ್ಯಾಶ್‌ಬೋರ್ಡ್ ನೋಡಿದರೆ ಕ್ಯೂನ ಗೆರೆ ಏರುವುದು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುವುದೂ ಕಾಣುತ್ತದೆ. ನೋಡೋಕೆ ನೆಮ್ಮದಿ.

ಹೋದ ವಾರ ಬೇರೆ ಸರ್ವಿಸ್‌ಗಳ ಕೋಡನ್ನೂ ಹುಡುಕಿದೆ. ಖಾಲಿ ಬ್ರಾಕೆಟ್ ಎಲ್ಲೂ ಇರಲಿಲ್ಲ. ಆದರೆ 'ನ್ಯೂಫಿಕ್ಸ್ಡ್‌ಥ್ರೆಡ್‌ಪೂಲ್' ಮೂರು ಕಡೆ ಸಿಕ್ಕಿತು. ಕೆಲಸ ಹಂಚಲು ಥ್ರೆಡ್‌ಗಳ ಗುಂಪು ಮಾಡಿಕೊಡುವ ಸವಲತ್ತು ಅದು. ಅದರ ಒಳಗಿರೋದೂ ಮಿತಿ ಇಲ್ಲದ ಅದೇ ಲಿಂಕ್ಡ್‌ಬ್ಲಾಕಿಂಗ್‌ಕ್ಯೂ. ಎರಡನ್ನು, ಕ್ಯೂ ನಾವೇ ಆರಿಸಬಹುದಾದ ಥ್ರೆಡ್‌ಪೂಲ್‌ಎಕ್ಸಿಕ್ಯೂಟರ್‌ಗೆ ಬದಲಾಯಿಸಿ ಮಿತಿ ಕೊಟ್ಟಿದ್ದೇವೆ. ಮೂರನೆಯದು ಬಿಲ್ಲಿಂಗ್‌ನದ್ದು. ಅಲ್ಲಿ ತುಂಬಿದರೆ ಏನು ಮಾಡಬೇಕು ಅಂತ ಆ ಟೀಮಿನವರ ಜೊತೆ ಸೋಮವಾರ ಕೂರುತ್ತಿದ್ದೇವೆ.